ಮಕ್ಕಳನ್ನು ಬಿಟ್ಟುಹೋದವರಾರು?

ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ದಂಪತಿಗಳು ಯೂರೋಪಿಗೆ ಹೋಗಿಬಂದರೆಂದರೆ, ಸುಶಿಕ್ಷಿತರ ಮನೆಗಳಲ್ಲಿಯೂ 'ಆ ತಾಯಿಗೆ ಮನಸ್ಸು ಹೇಗೆ ಬಂತು?' ಎಂಬ ಮಾತೇಳುವುದು. ತಂದೆಯ ಮನಸ್ಸನ್ನು ಕೇಳುವವರಿಲ್ಲ. ಈ ಅನ್ಯಾಯವು ನಮ್ಮಲ್ಲಿಯೇ ಹುಟ್ಟಿದುದಲ್ಲ.

ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು 1844ರಲ್ಲಿ ಸಂಸಾರಸಮೇತನಾಗಿ ಇಟಲಿಯ ಜಿನೋವಾದಲ್ಲಿ ನೆಲಸಿದನು. 1845ರ ಜನವರಿಯಲ್ಲಿ ಐವರು ಮಕ್ಕಳನ್ನೂ ಅಲ್ಲಿಯೇ ಬಿಟ್ಟು, ಪತ್ನಿ ಕ್ಯಾಥರೀನಳೊಡನೆ ರೋಮು, ನೇಪಲ್ಸುಗಳನ್ನು ನೋಡಹೊರಟನು. ಕಡೆಯ ಕೂಸಿಗೆ ಆಗ ವರ್ಷವೊಂದೇ. ರೋಮಿನ ಕಾರ್ನಿವಲ್ ಉತ್ಸವವಾಯಿತು. ಕೆಂಡ ಕಾರುವ ವೆಸೂವಿಯಸ್ ಬೆಟ್ಟವನ್ನು ಆಕೆ ರಾತ್ರಿಯಲ್ಲಿ ಡೋಲಿಯೇರಿ ಹತ್ತಿದಳು.

ಇದರಲ್ಲಿ ದೋಷವೇನು? ನನಗಂತೂ ಕಾಣದು. 1837ರಿಂದ 1844ರೊಳಗೆ ಐವರನ್ನು ಹೆತ್ತವಳಿಗೆ ಕೆಲವು ವಾರಗಳ ವಿಹಾರ ಸಲ್ಲದೆ? ನನ್ನ ಆಕ್ಷೇಪಣೆ ಬೇರೆ. 1858ರಲ್ಲಿ ಆಕೆಯನ್ನು ದೂರಮಾಡಿದ ಡಿಕನ್ಸನು, ಮಕ್ಕಳ ಪಾಲನೆಯನ್ನೆಲ್ಲ ಆಕೆ ಪರರ ಮೇಲೆ ಹಾಕಿದಳೆಂದು ಪತ್ರವೊಂದರಲ್ಲಿ ದೂರಿದನು! ಆ ಪತ್ರವು ಪತ್ರಿಕೆಗಳಲ್ಲಿಯೂ ಪ್ರಕಟವಾಯಿತು. ರೋಮಿಗೆ ಕರೆದೊಯ್ದವನು ಯಾರು, ಸ್ವಾಮಿ? ಅದಕ್ಕೂ ಮೊದಲು, 1842ರಲ್ಲಿ, ನಾಲ್ವರು ಮಕ್ಕಳನ್ನಗಲಿ ಅಮೆರಿಕಕ್ಕೆ ಹೋಗಬೇಕಾದಾಗ ಅತ್ತವಳು ಆಕೆ. ಹಟದಿಂದ ಹೊರಡಿಸಿದವನು ಆತ.

ಹಿರಿಯ ಮಗನು ತಾಯಿಯೊಡನೆ ಹೋದನು. ಉಳಿದ ಮಕ್ಕಳು ತಂದೆಯ ಮನೆಯಲ್ಲಿಯೇ ಉಳಿದರು.