ಎಂಟು ಮಂಚಕ್ಕೂ ಒಂದೇ ಲೆಕ್ಕ

ಈಚೆಗೆ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ನಾವು ಕಂಡ ಸಂಗತಿ ಇದು. ಸಾಲಾಗಿ ಎಂಟು ಮಂಚಗಳು. ಪ್ರತಿ ರೋಗಿಯ ಚೀಟಿಯಲ್ಲೂ ಉಸಿರಿನ ಲೆಕ್ಕ ಒಂದೇ: ನಿಮಿಷಕ್ಕೆ ೨೦. ಬರೆದವಳು ದಾದಿಯ ತರಬೇತಿಗೆ ಬಂದ ಹುಡುಗಿ. "ಎಣಿಸಿದೆಯೇನಮ್ಮಾ?" ಎಂದು ಕೇಳಿದೆವು. "ಎಲ್ಲರೂ ಹಾಗೇ ಬರೀತಾರೆ ಸಾರ್" ಎಂದಳು.

ಹುಡುಗಿಯನ್ನು ಬಯ್ಯುವುದು ಸುಲಭ. ಆದರೆ ನಾವೂ ಮೇಷ್ಟರಾಗಿದ್ದವರು. ಮಗ್ಗಿ ಬಾರದ ಹುಡುಗ ಪಕ್ಕದವನ ಸ್ಲೇಟು ನೋಡಿ ಬರೆದರೆ ತಪ್ಪು ಯಾರದೆಂದು ಬಲ್ಲೆವು. ಪಕ್ಕದಲ್ಲಿ ನಿಂತು ಅವಳಿಗೆ ಎಣಿಸಲು ಕಲಿಸಿದವರಿಲ್ಲ.

ಇದು ಸಣ್ಣ ಮಾತಲ್ಲ. ಆರೋಗ್ಯವಂತ ವಯಸ್ಕನ ಉಸಿರು ನಿಮಿಷಕ್ಕೆ ೧೨ರಿಂದ ೨೦. ಹುಟ್ಟಿದ ಕೂಸಿಗೆ ೪೦ ಇದ್ದರೂ ಸಹಜವೇ. ಅದೇ ೪೦ ಎರಡು ವರ್ಷದ ಮಗುವಿಗೆ ಕೆಮ್ಮಿನೊಡನೆ ಬಂದರೆ ನ್ಯುಮೋನಿಯಾದ ಸೂಚನೆ. ಎರಡು ತಿಂಗಳು ತುಂಬಿ ವರ್ಷದೊಳಗಿರುವ ಕೂಸಿಗೆ ಆ ಗಡಿ ೫೦. ಎರಡು ತಿಂಗಳೊಳಗಿನ ಹಸುಳೆಗೆ ೬೦. ಎಣಿಸಬೇಕಾದದ್ದು ಮಗು ಅಳದೆ ಇರುವಾಗ, ಪೂರಾ ಒಂದು ನಿಮಿಷ. ಬಸುರಿಯ ಮುಖ ಊದಿದ್ದರೆ ರಕ್ತದೊತ್ತಡ ನೋಡಲೇಬೇಕು. ಮುದುಕರ ಕಥೆ ಬೇರೆ: ಒಳಗೆ ಸೋಂಕಿದ್ದರೂ ಮೈ ಕಾಯದಿರಬಹುದು, ನಿನ್ನೆ ಸರಿಯಾಗಿ ಮಾತಾಡುತ್ತಿದ್ದ ಅಜ್ಜಿ ಇಂದು ತಡವರಿಸಿದರೆ ಅದೇ ರೋಗದ ಗುರುತಾಗಬಹುದು. ಇವೆಲ್ಲ ಪಠ್ಯಪುಸ್ತಕದಲ್ಲಿವೆ. ಪುಸ್ತಕದಿಂದ ಕೈಗೆ, ಕಣ್ಣಿಗೆ ಇಳಿಯಬೇಕು.

ಇಳಿಯುವುದು ಹೇಗೆ? ಕರ್ನಾಟಕದಲ್ಲಿ ದಾದಿಯರ ಕಾಲೇಜುಗಳಿಗೆ ಬರವಿಲ್ಲ, ಬಹುಪಾಲು ಖಾಸಗಿಯವರವು. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕಿ ಎಂಬ ನಿಯಮ ಕಾಗದದ ಮೇಲಿದೆ. ರೋಗಿಯ ಮಂಚದ ಬಳಿ ಆ ಶಿಕ್ಷಕಿ ಎಲ್ಲಿ? ಹಲವೆಡೆ ರಬ್ಬರಿನ ಬೊಂಬೆಯ ಮೇಲೆ ಪಾಠ ಮುಗಿಯುತ್ತದೆ. ಬೊಂಬೆ ಮೊದಲ ಅಭ್ಯಾಸಕ್ಕೆ ಸರಿ. ಬೊಂಬೆಗೆ ವಯಸ್ಸಾಗುವುದಿಲ್ಲ, ನಾಚಿಕೆಯಾಗುವುದಿಲ್ಲ, "ಅಲ್ಲಿ ಮುಟ್ಟಬೇಡಮ್ಮಾ, ನೋವು" ಎನ್ನುವುದಿಲ್ಲ.

ಅನುಕೂಲವಂತ ನೇರ ತಜ್ಞ ವೈದ್ಯರ ಬಳಿಗೆ ಹೋಗುತ್ತಾನೆ. ಕೂಲಿಯವನ ಮಗುವನ್ನು ಮೊದಲು ಮುಟ್ಟಿ ನೋಡುವವಳು ಉಪಕೇಂದ್ರದ ದಾದಿ. ಅವಳಿಗೆ ಎಣಿಸಲು ಬಾರದಿದ್ದರೆ ಆ ಮಗುವಿಗೆ ಎರಡನೆಯ ಪರೀಕ್ಷೆ ಸಿಕ್ಕೀತೆಂಬ ಭರವಸೆ ಇಲ್ಲ. ಕಲಿಯುವವರ ಕೈಗೆ ಮೈಯೊಡ್ಡುವವರೂ ಸರ್ಕಾರಿ ವಾರ್ಡಿನ ಬಡವರೇ. ಅವರ ಋಣ ತೀರಿಸಲು ಸರಿಯಾಗಿ ಕಲಿಸುವುದೊಂದೇ ದಾರಿ. ಮುಟ್ಟುವ ಮುನ್ನ ಅವರ ಒಪ್ಪಿಗೆ ಕೇಳುವುದೂ ಪಾಠದ ಭಾಗವೇ ಆಗಬೇಕು.

೧೯೪೭ರ ಶುಶ್ರೂಷಾ ಪರಿಷತ್ತಿನ ಕಾಯ್ದೆಯ ಬದಲಿಗೆ ೨೦೨೩ರಲ್ಲಿ ಸಂಸತ್ತು ಹೊಸ ಆಯೋಗದ ಕಾಯ್ದೆ ಮಾಡಿತು. ಕಾಯ್ದೆ ಬದಲಾದರೆ ಸಾಲದು, ಕಲಿಸುವ ಬಗೆ ಬದಲಾಗಬೇಕು. ನಮ್ಮ ಒತ್ತಾಯ ಇಷ್ಟೆ. ವಿದ್ಯಾರ್ಥಿನಿಯರನ್ನು ದೊಡ್ಡವರ ವಾರ್ಡಿನಲ್ಲೇ ಕಟ್ಟಿಹಾಕದೆ ಹೆರಿಗೆ ಕೋಣೆಗೆ, ಅಂಗನವಾಡಿಗೆ, ಶಾಲೆಗೆ, ವೃದ್ಧರ ಮನೆಬಾಗಿಲಿಗೆ ಕರೆದೊಯ್ಯಬೇಕು; ಶಿಕ್ಷಕಿ ಜೊತೆಗಿರಬೇಕು. ಅಂತಿಮ ಪರೀಕ್ಷೆಯಲ್ಲಿ ಪ್ರತಿಯೊಬ್ಬಳೂ ಒಂದು ಕೂಸನ್ನೂ ಒಬ್ಬ ಮುದುಕಿಯನ್ನೂ ಸ್ವತಃ ಪರೀಕ್ಷಿಸಿ ತೋರಿಸಬೇಕು. ಶಿಕ್ಷಕಿಯರಿಲ್ಲದ ಕಾಲೇಜಿನ ಮಾನ್ಯತೆ ರದ್ದಾಗಬೇಕು.

ಬಡವನ ಮಗುವಿನ ಉಸಿರಿಗೆ ಒಂದು ನಿಮಿಷ ಕೊಡಿ. ಹೆಚ್ಚೇನೂ ಕೇಳುತ್ತಿಲ್ಲ.