ಹಾಡುವವರ ನಡುವೆ ಒಬ್ಬ ಗುಮಾಸ್ತ ಇರಲಿ

ರಾಕ್ ಸಂಗೀತದ ಅತಿ ದೊಡ್ಡ ಘಳಿಗೆ ಯಾವುದು ಅಂತ ಕೇಳಿದರೆ ಹೆಚ್ಚಿನವರು 1969ರ ವುಡ್‌ಸ್ಟಾಕ್ ಅಂತಾರೆ. ನನ್ನ ವೋಟು ಮಾತ್ರ 1971ರ ಆಗಸ್ಟ್ 1ಕ್ಕೆ. ಅವತ್ತು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದದ್ದು 'ಕನ್ಸರ್ಟ್ ಫಾರ್ ಬಾಂಗ್ಲಾದೇಶ್'.

ಪೂರ್ವ ಬಂಗಾಳದಿಂದ ಲಕ್ಷಗಟ್ಟಲೆ ಜನ ಮನೆಮಠ ಬಿಟ್ಟು ನಮ್ಮ ದೇಶಕ್ಕೆ ಓಡಿ ಬರುತ್ತಿದ್ದ ಕಾಲ ಅದು. ಪಂಡಿತ್ ರವಿಶಂಕರ್ ತಮ್ಮ ಶಿಷ್ಯ, ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಹತ್ತಿರ ಸಂಕಟ ಹೇಳಿಕೊಂಡರು. ಹ್ಯಾರಿಸನ್ ಕೆಲವೇ ವಾರಗಳಲ್ಲಿ ಬಾಬ್ ಡಿಲನ್, ಎರಿಕ್ ಕ್ಲ್ಯಾಪ್ಟನ್, ರಿಂಗೋ ಸ್ಟಾರ್ ಎಲ್ಲರನ್ನೂ ಒಟ್ಟು ಹಾಕಿದರು. ಒಂದೇ ದಿನ ಎರಡು ಪ್ರದರ್ಶನ, ಸುಮಾರು 40,000 ಜನ! ಮೊದಲು ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಕೂತರು. ಶ್ರುತಿ ಕೂಡಿಸಿದ್ದಕ್ಕೇ ಜನ ಚಪ್ಪಾಳೆ ಹೊಡೆದರು... ಇದೇ ಇಷ್ಟು ಹಿಡಿಸಿದರೆ ನುಡಿಸುವುದು ಇನ್ನೂ ಹಿಡಿಸೀತು ಅಂತ ರವಿಶಂಕರ್ ತಮಾಷೆ ಮಾಡಿದ್ದು ಆಲ್ಬಂನಲ್ಲೇ ಇದೆ.

ಇನ್ನು ಲೆಕ್ಕಕ್ಕೆ ಬರೋಣ. ಟಿಕೆಟ್ ಹಣ ಸುಮಾರು 2,43,000 ಡಾಲರ್ ಬೇಗ ಯುನಿಸೆಫ್ ಕೈಸೇರಿತು. ಆದರೆ ಆಲ್ಬಂ, ಸಿನಿಮಾದಿಂದ ಬಂದ ದೊಡ್ಡ ಮೊತ್ತ ಅಮೆರಿಕದ ತೆರಿಗೆ ಇಲಾಖೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು. ಕಾರಣ ಇಷ್ಟೇ: ತೆರಿಗೆ ವಿನಾಯಿತಿಯ ಕಾಗದಪತ್ರ ಮೊದಲೇ ಮಾಡಿಸಿರಲಿಲ್ಲ.

ಇದನ್ನು ಓದಿ ನಗುವ ಹಕ್ಕು ನನಗಿಲ್ಲ. 2009ರ ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂದಾಗ ಮುಂಬಯಿಯ ನಾವು ಕೆಲವರು ಸೇರಿ ಒಂದು ಹಾಡಿನ ಕಾರ್ಯಕ್ರಮ ಮಾಡಿದ್ದೆವು. ಜನ ಧಾರಾಳವಾಗಿ ಚೆಕ್ ಕೊಟ್ಟರು, ಎಲ್ಲವೂ 'ಪರಿಹಾರ ನಿಧಿ' ಹೆಸರಿಗೆ. ಆ ಹೆಸರಿನಲ್ಲಿ ಖಾತೆಯೇ ಇರಲಿಲ್ಲ! ಖಾತೆ ತೆರೆಯಲು ನೋಂದಣಿ ಬೇಕು, ಠರಾವು ಬೇಕು. ಅಷ್ಟೂ ಚೆಕ್ ವಾಪಸ್ ಕೊಟ್ಟು, ಮತ್ತೆ ಬರೆಸಿಕೊಂಡು, ಹಣ ಊರು ಮುಟ್ಟುವಾಗ ಚಳಿಗಾಲ ಕಳೆದಿತ್ತು. ಆ ಗುಂಪಿನಲ್ಲಿದ್ದ ಏಕೈಕ ಬ್ಯಾಂಕಿನವನು ನಾನು. ದಿನಾ ಗಿರಾಕಿಗಳಿಗೆ ಹೇಳುವ ಮಾತನ್ನು ಅವತ್ತು ಹೇಳಲಿಲ್ಲ. ಉತ್ಸಾಹಕ್ಕೆ ತಣ್ಣೀರು ಎರಚಬಾರದು ಅಂತ ಸುಮ್ಮನಿದ್ದೆ.

ಹಾಗಂತ ಹ್ಯಾರಿಸನ್ ತಪ್ಪು ಮಾಡಿದರು ಅನ್ನಲಾರೆ. ಕಾಗದ ಎಲ್ಲ ಸರಿಯಾಗಲಿ ಅಂತ ಕಾದಿದ್ದರೆ ಆ ಆಗಸ್ಟ್ 1 ಬರುತ್ತಲೇ ಇರಲಿಲ್ಲವೇನೋ. ಹಸಿದವರಿಗೂ ಕಾಯುವ ಪುರುಸೊತ್ತು ಇರಲಿಲ್ಲ. ಆದರೆ ಹಾಡಿನಷ್ಟೇ ಫಾರಂ ಕೂಡ ಸೇವೆ ಅನ್ನುವುದು ನನ್ನ ವಾದ. ಮುಂದಿನ ಸಲ ನಿಮ್ಮ ಸಂಘದಲ್ಲಿ ಯಾರಾದರೂ "ಖಾತೆ ಯಾರ ಹೆಸರಲ್ಲಿ?" ಅಂತ ರಾಗ ಎಳೆದರೆ ದಯವಿಟ್ಟು ಬಾಯಿ ಮುಚ್ಚಿಸಬೇಡಿ. ಶ್ರುತಿ ಕೂಡಿಸುವ ಕೆಲಸ ಅದೇ.

ಏನಂತೀರಿ?