ರಾಡಿನ ಕಾಲಲ್ಲೇ ಆಕಾಶಕ್ಕೆ

ಕ್ಯಾನ್ಸರ್ ಬಂದು ವಾಸಿಯಾದ ಹೆಣ್ಮಗೂ ವಿಷ್ಯಾನ ನಮ್ ಕಡೆ ಮುಚ್ಚಿಡ್ತಾರೆ, ನಾಳೆ ಗಂಡು ಸಿಗಲ್ಲ ಅಂತ. ನಂಗಿದು ಸರಿ ಕಾಣಲ್ಲ ಕಣ್ರೇ.

ಅಮೆರಿಕದ ಹೇಯ್ಲಿ ಆರ್ಸೆನೋಗೆ 10 ವರ್ಷಕ್ಕೇ ಎಡಗಾಲಿನ ಮೂಳೆ ಕ್ಯಾನ್ಸರ್. ಮೂಳೆ ತೆಗ್ದು ಲೋಹದ ರಾಡು ಹಾಕಿದ್ರು. ದೊಡ್ಡೋಳಾಗಿ, ತನ್ನನ್ನ ಉಳಿಸಿದ ಸೇಂಟ್ ಜೂಡ್ ಆಸ್ಪತ್ರೆಗೇ ಕೆಲಸಕ್ಕೆ ಸೇರಿದ್ಲು. ಆ ಆಸ್ಪತ್ರೆಗೆ ದುಡ್ಡು ಕೂಡ್ಸೋಕೆ ಅಂತ ಹೊರಟ ಗಗನಯಾನಕ್ಕೆ ಇವಳನ್ನೇ ಆರಿಸಿದ್ದು ಯಾಕೆ? ಕ್ಯಾನ್ಸರ್ ಗೆದ್ದೋಳು ಅಂತಾನೇ! ತಿಂಗಳುಗಟ್ಟಲೆ ತರಬೇತಿ, ಹಿಮದ ಬೆಟ್ಟ ಬೇರೆ ಹತ್ತಿಸಿದ್ರು. 2021ರ ಸೆಪ್ಟೆಂಬರಲ್ಲಿ ಮೂರು ದಿನ ಭೂಮಿ ಸುತ್ತಿ ಬಂದ್ಲು, ಅದೇ ರಾಡಿನ ಕಾಲಲ್ಲಿ.

ನಮ್ಮ ಹಾಸನದ ಇಸ್ರೋದಲ್ಲಿ ಕೂತು ಉಪಗ್ರಹ ನೋಡ್ಕೋತಾರೆ ಅಂತ ಜಂಬ ಪಡ್ತೀವಿ. ಕಿದ್ವಾಯಿ ಆಸ್ಪತ್ರೇಲಿ ವಾಸಿಯಾಗಿ ಬಂದ ಮಗೂನ ಮಾತ್ರ ಆಟಕ್ಕೂ ಬಿಡಲ್ಲ.